ತೇಜಾಬು, ಆಮ್ಲ, ಆಸಿಡ್

ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ಎಂಬ ಹುದ್ದೆಯೇ ಇಲ್ಲವೆಂದರೆ ಕೇಳುಗರಲ್ಲಿ ಹಲವರಿಗೆ ಆಶ್ಚರ್ಯವಾದೀತು. ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ವಿಜ್ಞಾನದ ಸಹಶಿಕ್ಷಕರನ್ನು ಎರಡು ಪಂಗಡಗಳಾಗಿ ಆರಿಸುವುದು ರೂಢಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದವರದು ಪಿ.ಸಿ.ಎಂ. ಪಂಗಡ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವರದು ಸಿ.ಬಿ.ಝಡ್. ಪಂಗಡ. ರಸಾಯನವು ಎರಡರಲ್ಲಿಯೂ ಇದೆ. ಇರುವುದರಿಂದಲೇ ಅದಕ್ಕೆ ಸ್ವಂತದ ಯಜಮಾನನಿಲ್ಲ. ಎರಡು ಮನೆಗಳಿಗೆ ಸೇರಿದ ನಡುಗೋಡೆಗೆ ಸುಣ್ಣ ಬಳಿಯುವವರು ಯಾರು ಎಂಬಂಥ ಪ್ರಶ್ನೆ ಇದು. ಗಣಿತದಲ್ಲಿ ನಪಾಸಾಗುವವರನ್ನು ಕಂಡು ಕಂಗೆಟ್ಟ ಪಿ.ಸಿ.ಎಂ. ಮಾಸ್ತರರು ತಮ್ಮ ಹೊತ್ತಿನ ಬಹುಪಾಲನ್ನು ಗಣಿತಕ್ಕೆ ಕೊಡುತ್ತಾರೆ. ಸಿ.ಬಿ.ಝಡ್. ಮಾಸ್ತರರಿಗೆ ಹೃದಯದ ಚಿತ್ರ, ಹೂವಿನ ಚಿತ್ರ ಬರೆಯಿಸುವುದರಲ್ಲಿ ಇರುವ ಹುರುಪು ಸಮೀಕರಣವನ್ನು ಸರಿದೂಗಿಸುವುದರಲ್ಲಿ ಅನೇಕ ವೇಳೆ ಇರುವುದಿಲ್ಲ. ಹೀಗಿದ್ದೂ ಯಾವನೋ ಒಬ್ಬ ಅಧ್ಯಾಪಕನಿಗೆ ರಸಾಯನದ ಮೇಲೆಯೇ ಪ್ರೀತಿ ಹುಟ್ಟಿಬಿಟ್ಟರೆ ಅವನ ಕೆಲಸ ಹೇಗಿರುತ್ತದೆ ಎಂಬುದು ನನ್ನ ಇಂದಿನ ಮಾತಿನ ವಿಷಯ.

ಕನ್ನಡ ಎಂ.ಎ. ಮಾಡಿದವನಿಗೆ ಈ ವಿಷಯದಲ್ಲಿ ಮಾತಾಡುವ ಅಧಿಕಾರ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಬೀದರ ಜಿಲ್ಲೆಯ ಹುಮನಾಬಾದಿನಲ್ಲಿಯೂ ಅನಂತರ ಬಸವಕಲ್ಯಾಣದಲ್ಲಿಯೂ ನಾನು ಬಹುಕಾಲ ಕನ್ನಡ ಪಾಠ ಹೇಳಿದವನು. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ಒಂದೇ ಆವರಣದಲ್ಲಿರುತ್ತಿದ್ದ ಕಡೆಗಳಲ್ಲಿ ಅಧ್ಯಾಪಕರ ಕೊಠಡಿಯೂ ಒಂದೇ. ಅಲ್ಲಿ ವಿಜ್ಞಾನದ ಅಧ್ಯಾಪಕರು ನನ್ನ ಬಳಿಗೆ ಬರುತ್ತಿದ್ದುದು ಹಳಗನ್ನಡ ಪದ್ಯಕ್ಕಾಗಿ ಅಲ್ಲ, ಶಬ್ದಗಳಿಗಾಗಿ. ‘ಪ್ರತ್ಯಾಮ್ಲ ಅಂದ್ರ ಒಡೆದು ಹ್ಯಾಂಗ ಹೇಳ್ಬೇಕ್ರಿ?’ ‘ದ್ರಾವಣ, ದ್ರಾವಕ, ದ್ರಾವ್ಯ, ಈ ಮೂರನ್ನೂ ಒಂದೇ ತಾಸಿನಲ್ಲಿ ಹುಡುಗರ ಬಾಯಿಗೆ ಹ್ಯಾಂಗ ತರೋದ್ರಿ?’ ಇಂಥ ಪ್ರಶ್ನೆಗಳು. ಉತ್ತರ ಹೇಳುತ್ತ ಹೇಳುತ್ತ ನನಗೆ ತಿಳಿದುಬಂದದ್ದೆಂದರೆ, ಈ ಊರುಗಳಲ್ಲಿ ರಸಾಯನದ ಅಧ್ಯಾಪಕನ ಮುಖ್ಯ ಕಸುಬು ಭಾಷಾಂತರ. ಮಗುವಿನ ಕೈಯಲ್ಲಿ ಆಗಲೇ ಇರುವ ವಸ್ತುವನ್ನು ಪುಸ್ತಕದ ಶಬ್ದಕ್ಕೂ ಶಬ್ದವನ್ನು ಸಂಕೇತಕ್ಕೂ ದಾಟಿಸುವ ಭಾಷಾಂತರ ಅದು.

ಆ ಸೀಮೆಯ ಭಾಷಾಸ್ಥಿತಿಯನ್ನು ಅರಿಯದವರಿಗೆ ಇದು ಅಷ್ಟಾಗಿ ಮನದಟ್ಟಾಗದು. ಬಸವಕಲ್ಯಾಣವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಸಂಸ್ಥಾನದೊಳಗಿನ ಕಲ್ಯಾಣಿ ಜಹಗೀರು. ಪ್ರೌಢಶಾಲೆಯ ವಿದ್ಯೆ ಬಹುಮಟ್ಟಿಗೆ ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದ ಮೇಲೆ ಕನ್ನಡ ಮಾಧ್ಯಮ ಬೇರೂರಿತು. ಇಂದಿಗೂ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ದಖನಿ ಉರ್ದು ಆಡುವ ಮಗು, ಮರಾಠಿ ಆಡುವ ಮಗು, ತಾಂಡಾದಿಂದ ಬಂದ ಲಂಬಾಣಿ ಮಾತಿನ ಮಗು ಒಂದೇ ಬೆಂಚಿನಲ್ಲಿ ಕುಳಿತಿರುವುದನ್ನು ಕಾಣಬಹುದು. ಇವರೆಲ್ಲರ ಮುಂದೆ ‘ಲವಣ’ ಎಂದು ಬರೆದರೆ ಅದು ಯಾರ ಮನೆಯ ಮಾತೂ ಅಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಭಾರತೀಯ ಭಾಷೆಯೊಂದರಲ್ಲಿ ಕಾಲೇಜು ಮಟ್ಟದ ರಸಾಯನಶಾಸ್ತ್ರವನ್ನು ಕಲಿಸುವ ದೊಡ್ಡ ಪ್ರಯತ್ನ ಈ ಸಂಸ್ಥಾನದಲ್ಲಿಯೇ ನಡೆಯಿತು. ಕನ್ನಡದಲ್ಲಿ ಅಲ್ಲ, ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪುಸ್ತಕಗಳನ್ನು ಸಿದ್ಧಪಡಿಸಲೆಂದು ಅದಕ್ಕೂ ಒಂದು ವರ್ಷ ಮೊದಲೇ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಹುಟ್ಟಿತ್ತು. ಅದೇ 1918ರಲ್ಲಿ ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಒಂದರ ಹಿಂದೆ ನಿಜಾಮರ ಬೊಕ್ಕಸವಿತ್ತು. ಇನ್ನೊಂದರ ಹಿಂದೆ ಇಬ್ಬರು ವಿದ್ವಾಂಸರ ಉತ್ಸಾಹ. ಕನ್ನಡದ ಪತ್ರಿಕೆ ಎರಡೇ ವರ್ಷಗಳಲ್ಲಿ ನಿಂತಿತು. ಉರ್ದುವಿನ ಪ್ರಯೋಗ ಮೂರು ದಶಕ ನಡೆದು, 1948ರ ತರುವಾಯ ಇಂಗ್ಲಿಷಿಗೆ ಎಡೆಗೊಟ್ಟಿತು. ಆದರೆ ಆಡುಮಾತಿನ ಉರ್ದು ಶಬ್ದಗಳು ಸಂಸ್ಥಾನದೊಡನೆ ಹೋಗಲಿಲ್ಲ. ಬಸವಕಲ್ಯಾಣದ ಸರಾಫ ಅಂಗಡಿಗಳಲ್ಲಿ ಚಿನ್ನವನ್ನು ಒರೆಹಚ್ಚುವವರ ಬಾಯಲ್ಲಿ ಆಸಿಡ್ಡಿಗೆ ತೇಜಾಬು ಎಂಬ ಹೆಸರೇ ಉಳಿದುಬಂತು.

ತೇಜಾಬು ಪಾರಸಿ ಮೂಲದ ಮಾತು. ತೇಜ್ ಎಂದರೆ ತೀಕ್ಷ್ಣ, ಆಬ್ ಎಂದರೆ ನೀರು. ಕನ್ನಡದ ಪುಸ್ತಕದಲ್ಲಿರುವ ಆಮ್ಲಕ್ಕೆ ಹುಳಿ ಎಂದರ್ಥ. ಇಂಗ್ಲಿಷಿನ ಆಸಿಡ್ಡಿನ ಲ್ಯಾಟಿನ್ ಮೂಲಕ್ಕೂ ಹುಳಿ ಎಂದೇ ಅರ್ಥ. ಎಂದರೆ ಸಂಸ್ಕೃತವೂ ಲ್ಯಾಟಿನ್ನೂ ಈ ವಸ್ತುವನ್ನು ನಾಲಿಗೆಯಿಂದ ಗುರುತಿಸಿದವು, ಪಾರಸಿ ಅದನ್ನು ಸುಟ್ಟ ಕೈಯಿಂದ ಗುರುತಿಸಿತು. ಹುಣಿಸೆಹಣ್ಣಿನ ಹುಳಿಗೂ ಬಾಟರಿಯೊಳಗಿನ ದ್ರವಕ್ಕೂ ಒಂದೇ ಹೆಸರೇ ಎಂದು ಬೆರಗಾಗುವ ಹುಡುಗನಿಗೆ ಎರಡು ಶಬ್ದಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ದುರ್ಬಲ ಆಮ್ಲ, ಪ್ರಬಲ ಆಮ್ಲ ಎಂಬ ಭೇದದ ಅರ್ಧ ಪಾಠ ಮುಗಿದಂತೆ. ದಖನಿ ಆಡುವ ಮಕ್ಕಳಿಗೆ ಇನ್ನೂ ಒಂದು ಲಾಭವುಂಟು. ಗಂಧಕ್ ಕಾ ತೇಜಾಬ್, ಶೋರೆ ಕಾ ತೇಜಾಬ್, ನಮಕ್ ಕಾ ತೇಜಾಬ್ ಎಂಬ ಹಳೆಯ ಹೆಸರುಗಳು ಗಂಧಕದಿಂದ, ಪೆಟ್ಲುಪ್ಪಿನಿಂದ, ಅಡಿಗೆಯ ಉಪ್ಪಿನಿಂದ ಆಮ್ಲಗಳನ್ನು ಪಡೆಯುತ್ತಿದ್ದ ಬಗೆಯನ್ನು ಹೆಸರಿನಲ್ಲಿಯೇ ಹೇಳಿಬಿಡುತ್ತವೆ. ಸಲ್ಫ್ಯೂರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್ ಎಂದು ಬಾಯಿಪಾಠ ಮಾಡುವವನಿಗೆ ಈ ಸೌಕರ್ಯವಿಲ್ಲ.

ಶಬ್ದಗಳು ನೆರವಾಗುವಂತೆಯೇ ಕಾಲಿಗೂ ತೊಡರುತ್ತವೆ. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಕ್ಷಾರವೆಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ, ಕಾಸ್ಟಿಕ್ ಸೋಡದಂಥದು. ಗಡಿಯಾಚೆ ಉಮರ್ಗಾದಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಹಿಡಿದ ಮಗುವಿಗೆ ಕ್ಷಾರವೆಂದರೆ ಲವಣ! ಅಲ್ಲಿ ಬೇಸ್ ಎಂಬುದಕ್ಕೆ ‘ಆಮ್ಲಾರಿ’ ಎನ್ನುತ್ತಾರೆ, ಆಮ್ಲದ ವೈರಿ ಎಂಬ ಅರ್ಥದಲ್ಲಿ. ಆಮ್ಲವೂ ಆಮ್ಲಾರಿಯೂ ಕೂಡಿ ಕ್ಷಾರವೂ ನೀರೂ ಆಗುತ್ತವೆ ಎಂಬುದು ಆಚೆಯ ಊರಿನಲ್ಲಿ ಸರಿಯುತ್ತರ, ಈಚೆಯ ಊರಿನಲ್ಲಿ ತಪ್ಪುತ್ತರ. ಸೋದರಮಾವನ ಊರಿನಲ್ಲಿ ಒಂಬತ್ತನೆಯ ತರಗತಿಯವರೆಗೆ ಓದಿ ಹತ್ತನೆಯದಕ್ಕೆ ಬಸವಕಲ್ಯಾಣಕ್ಕೆ ಬಂದ ಹುಡುಗಿಯೊಬ್ಬಳು ಹೀಗೆ ಬರೆದು ಅಂಕ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಅವಳಿಗೆ ರಸಾಯನ ತಿಳಿದಿತ್ತು. ಇದರ ಮೇಲೆ ನಮ್ಮ ಆಡುಮಾತಿನ ಖಾರ ಬೇರೆ ಇದೆ. ಅದೂ ಕ್ಷಾರದಿಂದಲೇ ಬಂದ ತದ್ಭವ. ಆದರೆ ಮೆಣಸಿನಕಾಯಿಯಲ್ಲಿ ಕ್ಷಾರ ಎಲ್ಲಿಯದು? ಈ ಮೂರು ಅರ್ಥಗಳ ನಡುವೆ ಒಂದು ಗೆರೆ ಎಳೆದು ಕೊಡುವುದು ವ್ಯಾಕರಣದ ಮೇಷ್ಟ್ರ ಕೆಲಸವೋ ರಸಾಯನದ ಮಾಸ್ತರರ ಕೆಲಸವೋ, ನೀವೇ ಹೇಳಿ.

ಆಮ್ಲಜನಕದ ಕಥೆ ಇನ್ನೂ ಮೇಲು. ಫ್ರಾನ್ಸಿನ ಲವಾಸಿಯೇ ಎಂಬ ಮಹಾಶಯನು 1777ರ ಸುಮಾರಿಗೆ ಈ ಅನಿಲವೇ ಎಲ್ಲ ಆಮ್ಲಗಳಿಗೂ ಮೂಲವೆಂದು ಭಾವಿಸಿ ಗ್ರೀಕ್ ಧಾತುಗಳಿಂದ ಹೆಸರು ಕಟ್ಟಿದ. ಕನ್ನಡದವರು ಅದನ್ನು ಅಕ್ಷರಶಃ ಭಾಷಾಂತರಿಸಿ ಆಮ್ಲಜನಕವೆಂದರು. ಆದರೆ ಉಪ್ಪಿನ ತೇಜಾಬಿನಲ್ಲಿ ಈ ಅನಿಲದ ಲವಲೇಶವೂ ಇಲ್ಲವೆಂಬುದನ್ನು ಹಂಫ್ರಿ ಡೇವಿ 1810ರ ವೇಳೆಗೇ ತೋರಿಸಿಕೊಟ್ಟಿದ್ದ. ಶಾಲೆಯ ಮಟ್ಟದಲ್ಲಿ ಹೇಳುವುದಾದರೆ, ಆಮ್ಲಕ್ಕೆ ಆಮ್ಲತ್ವ ಬರುವುದು ಅದು ನೀರಿನಲ್ಲಿ ಬಿಟ್ಟುಕೊಡುವ ಹೈಡ್ರೋಜನ್ ಅಯಾನಿನಿಂದ. ಹಾಗೆ ನೋಡಿದರೆ ನಾವು ಜಲಜನಕವೆಂದು ಕರೆದದ್ದೇ ನಿಜವಾದ ಆಮ್ಲದ ಜನಕ. ಮಕ್ಕಳಲ್ಲಿ ಚುರುಕಾದವನೊಬ್ಬ ಇದನ್ನು ಹಿಡಿದು ಕೇಳಿಯೇ ಕೇಳುತ್ತಾನೆ. ಈಚಿನ ಪಠ್ಯಪುಸ್ತಕಗಳು ಆಕ್ಸಿಜನ್, ಹೈಡ್ರೋಜನ್, ಕಾರ್ಬನ್ ಎಂದು ಬರೆಯುತ್ತವೆ. ಕನ್ನಡದವನಾಗಿ ನನಗೆ ಮೊದಲು ಬೇಸರವಾಯಿತು, ಆಮೇಲೆ ಆಗಲಿಲ್ಲ. ಮೂಲಧಾತುಗಳ ಹೆಸರು ವ್ಯಕ್ತಿಗಳ ಹೆಸರಿನಂತೆ, ಭಾಷಾಂತರಿಸದಿದ್ದರೂ ನಡೆಯುತ್ತದೆ. ಭಾಷಾಂತರಿಸಲೇಬೇಕಾದವು ಕ್ರಿಯೆಗಳು: ಕರಗುವುದು, ಆವಿಯಾಗುವುದು, ಹುಳಿಯುವುದು, ತುಕ್ಕು ಹಿಡಿಯುವುದು, ಗರಣೆಗಟ್ಟುವುದು. ಇವುಗಳಿಗೆ ಕನ್ನಡದಲ್ಲಿ ಎಂದೂ ಬಡತನವಿರಲಿಲ್ಲ.

ಪ್ರಯೋಗಶಾಲೆಯ ಮಾತಿಗೆ ಬರೋಣ. ನಾನು ಕಂಡ ಒಂದು ಶಾಲೆಯಲ್ಲಿ ಅದೊಂದು ಕಬ್ಬಿಣದ ಅಲಮಾರು. ಅದರ ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಪ್ರನಾಳ ಒಡೆದರೆ ಲೆಕ್ಕ ಕೊಡಬೇಕಾದವರು ಮಾಸ್ತರರು. ಆದ್ದರಿಂದ ಪ್ರನಾಳ ಒಡೆಯುತ್ತಿರಲಿಲ್ಲ, ಹೊರಗೆ ಬಂದರೆ ತಾನೇ ಒಡೆಯುವುದು! ಸಿ.ಬಿ.ಝಡ್. ಪಂಗಡದ ನನ್ನ ಸಹೋದ್ಯೋಗಿಯೊಬ್ಬರು, ಹೆಸರು ಹೇಳಿದರೆ ಸಂಕೋಚಪಡುವ ಜಾತಿಯವರು, ಈ ಅಲಮಾರಿನ ಗೋಜಿಗೇ ಹೋಗದೆ ಪೇಟೆಯಿಂದ ಪಾಠ ಮಾಡುವುದನ್ನು ಕಲಿತರು. ಅವರ ಮೊದಲನೆಯ ಸಾಮಗ್ರಿ ಸುಣ್ಣ.

ಹಬ್ಬಕ್ಕೆ ಮುಂಚೆ ಗೋಡೆಗೆ ಬಳಿಯಲೆಂದು ತಂದ ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದರೆ ಬುಸುಗುಟ್ಟಿ, ಕಾದು, ಒಡೆದು ಪುಡಿಯಾಗುವುದನ್ನು ಹಳ್ಳಿಯ ಪ್ರತಿ ಮಗುವೂ ನೋಡಿದೆ. ಇಂಗ್ಲಿಷಿನವರು ಇದಕ್ಕೆ ಬಾಯಾರಿಕೆ ತಣಿಸುವುದು ಎಂಬರ್ಥದ ಮಾತನ್ನು ಬಳಸುತ್ತಾರೆ. ಕನ್ನಡಿಗನು ಸುಣ್ಣ ಅರಳಿತು ಎಂದ. ಹೂವಿಗೆ, ಕಣ್ಣಿಗೆ, ಹುರಿದ ಜೋಳಕ್ಕೆ ಹೇಳುವ ಮಾತು ಅದು. ಪಠ್ಯಪುಸ್ತಕದಲ್ಲಿಯೂ ಅರಳಿದ ಸುಣ್ಣವೆಂಬ ಹೆಸರೇ ಇದೆ. ಯಾವ ಸಮಿತಿಯೂ ಕುಳಿತು ಟಂಕಿಸಿದ ಶಬ್ದವಲ್ಲ. ನಮ್ಮ ಮಾಸ್ತರರು ಒಂದು ಬೋಗುಣಿಯಲ್ಲಿ ಇದನ್ನು ಮಾಡಿ ತೋರಿಸಿ, ಬೋಗುಣಿಯ ಹೊರಮೈಯನ್ನು ಮುಟ್ಟಿಸಿ, ಶಾಖ ಎಲ್ಲಿಂದ ಬಂತು, ಒಲೆ ಎಲ್ಲಿದೆ ಎಂದು ಕೇಳುತ್ತಿದ್ದರು. ಬಹಿರುಷ್ಣಕ ಕ್ರಿಯೆ ಎಂಬ ಹಲ್ಲು ಮುರಿಯುವ ಮಾತು ಆ ಪ್ರಶ್ನೆಯ ಬೆನ್ನಲ್ಲೇ ಬರಬೇಕು, ಮೊದಲು ಬರಬಾರದು ಎಂಬುದು ಅವರ ನಿಯಮ.

ಆಮೇಲೆ ಸುಣ್ಣದ ತಿಳಿನೀರು. ಅದರೊಳಕ್ಕೆ ಒಂದು ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತಾಗುತ್ತದೆ. ನಮ್ಮ ಉಸಿರಿನ ಇಂಗಾಲಾಮ್ಲ ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ಪುಡಿಯಾಗಿ ತೇಲುವುದೇ ಆ ಬಿಳುಪು. ಗೋಡೆಗೆ ಬಳಿದ ಸುಣ್ಣಕ್ಕೂ ಆಗುವುದು ಇದೇ. ಬಳಿದ ದಿನ ಮಂಕಾಗಿರುವ ಗೋಡೆ ಎರಡು ಮೂರು ದಿನಗಳಲ್ಲಿ ಬೆಳ್ಳಗೆ ಹೊಳೆಯುವುದು ಗಾಳಿಯಲ್ಲಿರುವ ಅದೇ ಅನಿಲವನ್ನು ಹೀರಿ ಸುಣ್ಣವು ಮತ್ತೆ ಕಲ್ಲಾಗುವುದರಿಂದ. ಕಲ್ಲನ್ನು ಸುಟ್ಟರೆ ಸುಣ್ಣ, ನೀರೆರೆದರೆ ಅರಳು, ಗಾಳಿಗಿಟ್ಟರೆ ಪುನಃ ಕಲ್ಲು. ಬಸವಕಲ್ಯಾಣದ ಕೋಟೆಗೆ ಮಕ್ಕಳನ್ನು ಕರೆದೊಯ್ದು ಗೋಡೆಯ ಗಚ್ಚನ್ನು ಉಗುರಿನಿಂದ ಕೆರೆಯಲು ಹೇಳಿ, ‘ಇದು ಶತಮಾನಗಳಿಂದ ಉಸಿರು ಎಳಕೋತ ಕಲ್ಲಾಗ್ಯಾದ, ನೋಡ್ರಿ’ ಎಂದು ಅವರು ಹೇಳಿದ ದಿನ ನಾನೂ ಜತೆಗಿದ್ದೆ. ಚಾಲುಕ್ಯರ ವಂಶಾವಳಿಯನ್ನು ಆ ಕೋಟೆಯೊಳಗೆ ಎಷ್ಟೋ ಸಲ ಹೇಳಿದ್ದ ನಾನು ಗಚ್ಚನ್ನು ಅಂದೇ ಮೊದಲು ನೋಡಿದ್ದು.

ಅದೇ ಊರಿನಲ್ಲಿ ಪರುಷಕಟ್ಟೆ ಎಂಬ ಸ್ಥಳವಿದೆ. ಬಸವಣ್ಣನವರು ಕುಳಿತಿದ್ದ ಕಟ್ಟೆ ಎಂದು ಪ್ರತೀತಿ. ಪರುಷವೆಂದರೆ ಮುಟ್ಟಿದ ಕಬ್ಬಿಣವನ್ನು ಹೊನ್ನಾಗಿಸುವ ಮಣಿ. ವಚನಗಳಲ್ಲಿ ಈ ಉಪಮಾನ ಮತ್ತೆಮತ್ತೆ ಬರುತ್ತದೆ. ಕನ್ನಡ ತರಗತಿಯಲ್ಲಿ ನಾನು ಅದನ್ನು ವಿವರಿಸಿ ಕಳಿಸಿದ ಮಕ್ಕಳು ಮುಂದಿನ ತಾಸಿನಲ್ಲಿ ಅವರನ್ನು ಕೇಳುತ್ತಿದ್ದರು: ‘ಸರ್, ಖರೇನೇ ಕಬ್ಬಿಣ ಬಂಗಾರ ಆಗ್ತದೇನ್ರಿ?’ ಆಗುವುದಿಲ್ಲವೆಂದು ಹೇಳಿ ಮುಗಿಸುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ರೈತರು ಬೆಳೆಯ ರೋಗಕ್ಕೆ ಸಿಂಪಡಿಸುವ ಮೈಲುತುತ್ತವನ್ನು ಅಂಗಡಿಯಿಂದ ತರಿಸಿ, ನೀರಿನಲ್ಲಿ ಕರಗಿಸಿ, ಉಜ್ಜಿ ಬೆಳಗಿದ ಒಂದು ಕಬ್ಬಿಣದ ಮೊಳೆಯನ್ನು ಅದರಲ್ಲಿ ಇಳಿಬಿಟ್ಟರು. ಇಪ್ಪತ್ತು ನಿಮಿಷಗಳಲ್ಲಿ ಮೊಳೆಯ ಮೈ ಕೆಂಪಾಯಿತು, ನೀರಿನ ನೀಲಿ ಇಳಿಯಿತು. ಬಂಗಾರವಲ್ಲ, ತಾಮ್ರ. ಮೊಳೆ ತಾಮ್ರವಾಯಿತೋ, ತಾಮ್ರ ಮೊಳೆಯ ಮೇಲೆ ಬಂದು ಕುಳಿತಿತೋ ಎಂಬುದು ಅವರ ಮುಂದಿನ ಪ್ರಶ್ನೆ. ಕೆಲವರು ಹೀಗೆಂದರು, ಕೆಲವರು ಹಾಗೆಂದರು. ಮೊಳೆಯನ್ನು ಅರದಿಂದ ಉಜ್ಜಿ ನೋಡಿದಾಗ ಒಳಗೆ ಕಬ್ಬಿಣವೇ ಇತ್ತು. ಕಬ್ಬಿಣವು ತಾಮ್ರಕ್ಕಿಂತ ಚುರುಕಾದ ಲೋಹವಾದುದರಿಂದ ತಾನು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಕ್ಕೆ ತಳ್ಳುತ್ತದೆ. ಪುಸ್ತಕದ ಮಾತಿನಲ್ಲಿ ಸ್ಥಾನಪಲ್ಲಟ. ವಚನಕಾರರ ಪರುಷ ಲೋಹದ ಮಾತಲ್ಲ, ಮನುಷ್ಯನ ಮಾತು, ಅದನ್ನು ಕನ್ನಡ ಸರ್ ಹೇಳುತ್ತಾರೆ ಎಂದು ಅವರು ಮಕ್ಕಳನ್ನು ನನ್ನ ಬಳಿಗೆ ಹಿಂದಕ್ಕೆ ಕಳಿಸಿದರು. ಇಂಥ ಸೌಜನ್ಯ ಎರಡು ವಿಭಾಗಗಳ ನಡುವೆ ಅಪರೂಪ.

ಮೈಲುತುತ್ತ ಎಂಬ ಹೆಸರಿನಲ್ಲಿ ನವಿಲು ಅಡಗಿದೆ. ಮಯೂರತುತ್ಥದಿಂದ ಬಂದ ಮಾತು. ಮರಾಠಿಯ ಮೋರಚೂದದಲ್ಲಿಯೂ ಅದೇ ನವಿಲು. ಉರ್ದುವಿನ ನೀಲಾಥೋಥಾ ನವಿಲನ್ನು ಬಿಟ್ಟು ಬಣ್ಣವನ್ನು ಮಾತ್ರ ಇಟ್ಟುಕೊಂಡಿತು. ಈ ನೀಲಿಹರಳು ಬೀದರಿನ ಬಿದ್ರಿ ಕುಸುರಿಗಾರರ ಕೈಯಲ್ಲಿಯೂ ಇದೆ. ಬಿದ್ರಿಯ ಪಾತ್ರೆ ಬಹುಪಾಲು ಸತುವು, ಅಲ್ಪ ತಾಮ್ರ. ನಯಮಾಡಿದ ಪಾತ್ರೆಗೆ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗಿ, ಅದರ ಮೇಲೆ ಉಳಿಯಿಂದ ಕೊರೆದ ಗೆರೆಗಳು ಬೆಳ್ಳಗೆ ಕಾಣುತ್ತವೆ. ಅಲ್ಲಿಯೂ ನಡೆಯುವುದು ಮೊಳೆಯ ಕಥೆಯೇ, ಕಬ್ಬಿಣದ ಬದಲಿಗೆ ಸತುವು. ಬೆಳ್ಳಿ ಕೂಡಿಸಿದ ಮೇಲೆ ಕೊನೆಯ ಶಾಶ್ವತವಾದ ಕಪ್ಪು ಬರುವುದು ನವಸಾಗರದೊಡನೆ ಕೋಟೆಯ ಹಳೆಯ ಮಣ್ಣನ್ನು ಕಲಸಿ ಕಾಯಿಸಿ ಹಚ್ಚುವುದರಿಂದ. ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಿಸಿಲು ಮಳೆ ತಾಗದ ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆಯೆಂದು ಹೇಳುತ್ತಾರೆ. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಲೆಯಲ್ಲಿ ಮಣ್ಣಿನ ಯೋಗ್ಯತೆಯನ್ನು ಕುಸುರಿಗಾರನು ಪರೀಕ್ಷಿಸುವುದು ನಾಲಿಗೆಗೆ ಹಚ್ಚಿ ನೋಡಿ. ಪ್ರಯೋಗಶಾಲೆಯ ಮೊದಲ ನಿಯಮವೋ, ಯಾವುದನ್ನೂ ರುಚಿ ನೋಡಕೂಡದು! ಇಬ್ಬರೂ ಸರಿ ಎಂಬುದನ್ನು ಹದಿನೈದು ವರ್ಷದ ಮಕ್ಕಳಿಗೆ ಒಪ್ಪಿಸುವುದು ಸಣ್ಣ ಕೆಲಸವಲ್ಲ.

ಹೆಣ್ಣುಮಕ್ಕಳು ಮಾಸ್ತರರಿಗಿಂತ ಮುಂದಿರುವ ಒಂದು ಪಾಠವುಂಟು, ಅದು ಗಡಸು ನೀರು. ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಯುತ್ತದೆ, ಯಾವುದರಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಸಾಬೂನು ನೊರೆ ಬಿಡದ ಸವಳು ನೀರೂ ಗೊತ್ತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ನನ್ನು ಇನ್ನೂ ಬಿಗಿಮಾಡುತ್ತವೆ ಎಂಬ ಕಾರಣವನ್ನಷ್ಟೆ ಅಧ್ಯಾಪಕನು ಕೂಡಿಸಬೇಕಾದದ್ದು. ಚಿಟಿಕೆ ಸೋಡಾ ಹಾಕುವ ಅಜ್ಜಿಯು ಆ ಬಿಗಿಯನ್ನು ಸಡಿಲಿಸುತ್ತಾಳೆ.

ಹುಮನಾಬಾದಿನಲ್ಲಿ ಇದೇ ನೀರಿನ ಪಾಠಕ್ಕೆ ಬೇರೊಂದು ತೂಕ ಬರುತ್ತದೆ. ಹೈದರಾಬಾದು–ಸೋಲಾಪುರ ಹೆದ್ದಾರಿಯ ಮೇಲಿನ ಆ ಊರಿಗೆ ಕೈಗಾರಿಕಾ ಪ್ರದೇಶವೊಂದಿದೆ. ಅಲ್ಲಿ ರಾಸಾಯನಿಕಗಳನ್ನೂ ಔಷಧದ ಕಚ್ಚಾವಸ್ತುಗಳನ್ನೂ ತಯಾರಿಸುವ ಕಾರ್ಖಾನೆಗಳಿವೆ. ದುರ್ವಾಸನೆಯ ಬಗೆಗೆ, ಬಾವಿಯ ನೀರಿನ ಬಗೆಗೆ ಸುತ್ತಲಿನ ಹಳ್ಳಿಯವರು ದೂರುತ್ತ ಬಂದಿದ್ದಾರೆ. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಕೆಲವರ ತಂದೆ ಅಣ್ಣಂದಿರು ಆ ಕಾರ್ಖಾನೆಗಳಲ್ಲಿಯೇ ದುಡಿಯುತ್ತಾರೆ. ಇನ್ನು ಕೆಲವರ ಹೊಲ ಅವುಗಳ ಮಗ್ಗುಲಲ್ಲಿದೆ. ಗಾಳಿ ತಿರುಗಿದ ಮಧ್ಯಾಹ್ನ, ಕಿಟಕಿ ಮುಚ್ಚುತ್ತ, ‘ಇದು ಯಾವ ಗ್ಯಾಸ್ರಿ ಸರ್?’ ಎಂದು ಹುಡುಗನೊಬ್ಬ ಕೇಳಿದರೆ ಅಧ್ಯಾಪಕನು ಏನು ಹೇಳಬೇಕು? ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು ಎಂದು ಪುಸ್ತಕ ಹೇಳುತ್ತದೆ. ಆದರೆ ಮೂಗಿನ ಸಾಕ್ಷ್ಯದ ಮೇಲೆ ಒಂದು ಕಾರ್ಖಾನೆಯತ್ತ ಬೆರಳು ತೋರಿಸುವುದು ರಸಾಯನವಲ್ಲ. ವಾಸನೆಯೇ ಇಲ್ಲವೆಂಬಂತೆ ಸಮೀಕರಣ ಬರೆಯುತ್ತ ಹೋಗುವುದು ಅಧ್ಯಾಪನವೂ ಅಲ್ಲ.

ಅಲ್ಲಿನ ಒಬ್ಬ ಪಿ.ಸಿ.ಎಂ. ಅಧ್ಯಾಪಕರು ಕಂಡುಕೊಂಡ ದಾರಿ ನನಗೆ ಮೆಚ್ಚಿಗೆಯಾಯಿತು. ಮಕ್ಕಳಿಗೆ ತಮ್ಮ ತಮ್ಮ ಬಾವಿ, ಬೋರುಗಳ ನೀರನ್ನು ತೊಳೆದ ಬಾಟಲಿಯಲ್ಲಿ ತರಲು ಹೇಳಿ, ಲಿಟ್ಮಸ್ ಕಾಗದ ಅದ್ದಿಸಿ, ದಿನಾಂಕದೊಡನೆ ಕಾಪಿಯಲ್ಲಿ ಬರೆಯಿಸಿದರು. ಬಹುತೇಕ ಬಾಟಲಿಗಳಲ್ಲಿ ಕಾಗದದ ಬಣ್ಣ ಬದಲಾಗಲಿಲ್ಲ. ‘ಹಾಂಗಾದ್ರ ನೀರು ಚಲೋ ಅದರೀ’ ಎಂದು ಹುಡುಗರು ಕೂಗಿದಾಗ ಅವರು ತಡೆದರು. ಕಾಗದ ಹೇಳಿದ್ದು ಇಷ್ಟೇ: ಈ ನೀರು ತೀರ ಆಮ್ಲವೂ ಅಲ್ಲ, ತೀರ ಕ್ಷಾರವೂ ಅಲ್ಲ. ಅದರೊಳಗೆ ಕರಗಿರಬಹುದಾದ ನೂರು ವಸ್ತುಗಳ ಬಗೆಗೆ ಅದು ಏನನ್ನೂ ಹೇಳಿಲ್ಲ. ಚಲೋ ಅಂತಲೂ ಹೇಳಿಲ್ಲ, ಕೆಟ್ಟದ್ದು ಅಂತಲೂ ಹೇಳಿಲ್ಲ. ಯಾವ ಪರೀಕ್ಷೆಯನ್ನು ಯಾವ ಪ್ರಶ್ನೆಗೆ ಮಾಡಬೇಕೆಂಬುದನ್ನು ಮುಂದೆ ಓದಿ ಕಲಿಯಿರಿ ಎಂದರು. ಮರುವಾರ ಇಬ್ಬರು ಪಾಲಕರು ಬಂದು ಮಾತಾಡಿದರು. ಒಬ್ಬರಿಗೆ ಮಾಸ್ತರರು ಕಾರ್ಖಾನೆಯ ಪಕ್ಷದವರೆಂದು ಅನುಮಾನ, ಇನ್ನೊಬ್ಬರಿಗೆ ಕಾರ್ಖಾನೆಯ ವಿರೋಧಿಯೆಂದು. ಅವರು ಕಾಪಿಗಳನ್ನು ತೆಗೆದು ಇಬ್ಬರ ಮುಂದೆಯೂ ಇಟ್ಟರಂತೆ.

ಹಿಂದೆ ಈ ಭಾಗಕ್ಕೆ ನೇಮಕವಾಗಿ ಬಂದ ದೂರದ ಜಿಲ್ಲೆಗಳ ಅಧ್ಯಾಪಕರಲ್ಲಿ ಅನೇಕರು ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರು. ಮನೆಯಿಂದ ದೂರ ಬಂದವರನ್ನು ದೂಷಿಸಲಾರೆ. ಸಂವಿಧಾನದ 2012ರ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದು, ಹುದ್ದೆಗಳಲ್ಲಿ ಈ ಪ್ರದೇಶದವರಿಗೆ ಮೀಸಲು ದೊರೆತ ಮೇಲೆ ದಖನಿಯೂ ಮರಾಠಿಯೂ ಕಿವಿಗೆ ಹೊಸದಲ್ಲದ ಊರ ಮಕ್ಕಳೇ ಅಧ್ಯಾಪಕರಾಗಿ ಬರುವುದು ಹೆಚ್ಚಿತು. ತೇಜಾಬಿನಿಂದ ಆಮ್ಲಕ್ಕೆ ದಾಟಿಸುವ ಕೆಲಸಕ್ಕೆ ಇದರಿಂದ ಅನುಕೂಲವಾಯಿತು.

ಆಮ್ಲದಿಂದ ಆಸಿಡ್ಡಿಗೆ ದಾಟಿಸುವವರು ಮಾತ್ರ ಇನ್ನೂ ಸಾಲದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ರಸಾಯನ ಓದಿದ ಮಗು ಪದವಿಪೂರ್ವದ ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಪಾಠವೂ ಪುಸ್ತಕವೂ ಇಂಗ್ಲಿಷಾಗಿರುವುದನ್ನು ಕಾಣುತ್ತದೆ. ವಿಜ್ಞಾನ ಬಿಟ್ಟು ಕಲಾವಿಭಾಗಕ್ಕೆ ಬರುತ್ತೇನೆಂದು ಅರ್ಜಿ ಹಿಡಿದು ಬರುವವರ ಸಾಲು ಪ್ರತಿ ಆಷಾಢದಲ್ಲಿ ನನ್ನ ಕೊಠಡಿಯ ಮುಂದೆ ನಿಲ್ಲುತ್ತಿತ್ತು. ಕನ್ನಡಕ್ಕೆ ವಿದ್ಯಾರ್ಥಿಗಳು ಹೆಚ್ಚಿದರೆಂದು ಸಂತೋಷಪಡಲು ನನ್ನಿಂದಾಗಲಿಲ್ಲ. ಒಬ್ಬನನ್ನು ಕೂರಿಸಿ ಕೇಳಿದೆ. ತಟಸ್ಥೀಕರಣ ಎಂದರೇನೆಂದು ತಪ್ಪಿಲ್ಲದೆ ಹೇಳಿದ. ‘ಮತ್ತ ಯಾಕೋ ಬಿಡ್ತಿ?’ ಎಂದರೆ, ‘ಅಲ್ಲಿ ಬೇಸ್ ಬೇಸ್ ಅಂತಾರ್ರಿ ಸರ್, ಅದ್ಯಾವುದೂ ನಾವು ಓದೇ ಇಲ್ಲರಿ’ ಎಂದ. ಪ್ರತ್ಯಾಮ್ಲವನ್ನು ಓದಿದ್ದ, ಬೇಸನ್ನು ಓದಿರಲಿಲ್ಲ. ಎರಡೂ ಒಂದೇ ಎಂದು ಅವನಿಗೆ ಒಂದು ವಾರದೊಳಗೆ ಯಾರಾದರೂ ಹೇಳಿದ್ದರೆ ಅರ್ಜಿ ಬರೆಯುತ್ತಿರಲಿಲ್ಲ.

ಅವನನ್ನು ಪ್ರೌಢಶಾಲೆಯ ಕಡೆಗೆ, ಸುಣ್ಣದ ಮಾಸ್ತರರ ಬಳಿಗೆ ಕಳಿಸಿದೆ. ಅವರು ತಮ್ಮದೊಂದು ಹಳೆಯ ನೋಟುಪುಸ್ತಕವನ್ನು ಅವನಿಗೆ ನಕಲು ಮಾಡಿಕೊಳ್ಳಲು ಕೊಟ್ಟರು. ಪುಟಕ್ಕೆ ನಾಲ್ಕು ಅಂಕಣ: ಕನ್ನಡ ಪುಸ್ತಕದ ಮಾತು, ಪೇಟೆಯ ಉರ್ದು ಮಾತು, ಮರಾಠಿ ಮಾತು, ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಮಾತು. ಮುಂದೆ ಹತ್ತನೆಯ ತರಗತಿಯ ಕೊನೆಯ ತಿಂಗಳಿನಲ್ಲಿ ಈ ಪಟ್ಟಿಯನ್ನು ಇಡೀ ತರಗತಿಗೆ ಬರೆಯಿಸುವುದನ್ನು ಅವರು ರೂಢಿಮಾಡಿಕೊಂಡರು. ಅವರು ವರ್ಗವಾಗಿ ಹೋದ ಮೇಲೂ ಬಂದವರೊಬ್ಬರು ಅದನ್ನು ಬರೆಯಿಸುತ್ತಿದ್ದರು. ನನ್ನಲ್ಲಿಯೂ ಅದರ ಒಂದು ಪ್ರತಿಯಿದೆ. ಕ್ಷಾರದ ಎದುರಿಗೆ ಕೆಂಪು ಶಾಯಿಯಲ್ಲಿ ‘ಗಡಿ ದಾಟಿದರೆ ಲವಣ, ಎಚ್ಚರ’ ಎಂದಿದೆ. ಗಂಧಕದ ಸಾಲಿನಲ್ಲಿ ಮಾತ್ರ ಮೊದಲ ಮೂರು ಅಂಕಣಗಳಿಗೂ ಸೇರಿಸಿ ಒಂದೇ ಸಲ ಬರೆದು, ನಾಲ್ಕನೆಯದರಲ್ಲಿ ಸಲ್ಫರ್ ಎಂದು ಬರೆದಿದ್ದಾರೆ.